ಉಪ್ಪು ನೋಡುವವಳು

ಭಾನುವಾರ, ಮಧ್ಯಾಹ್ನ

ನನ್ನ ಚುಕ್ಕೀ,

ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ಇಲ್ಲಿ ನಾನು ಕ್ಷೇಮ ಎಂದು ಬರೆದರೆ ಮೊದಲ ಸಾಲಿನಲ್ಲೇ ಸುಳ್ಳಾಗುತ್ತದೆ. ಮೈಗೆ ಏನೂ ಆಗಿಲ್ಲ, ಗಾಬರಿಯಾಗಬೇಡ. ಆಗಿರುವುದು ಬೇರೆ.

ಎಂಟು ತಿಂಗಳಿಂದ ನೀನು ಮಾತು ಬಿಟ್ಟಿದ್ದೀಯ. ಫೋನ್ ಮಾಡಿದಾಗಲೆಲ್ಲ ಅಳಿಯಂದಿರು ಎತ್ತಿ, "ಅವಳು ಸ್ನಾನಕ್ಕೆ ಹೋಗಿದ್ದಾಳೆ ಅತ್ತೆ" ಅನ್ನುತ್ತಾರೆ. ಪಾಪ, ದಿನಕ್ಕೆ ಎಷ್ಟು ಸಲ ಅಂತ ನಿನಗೆ ಸ್ನಾನ ಮಾಡಿಸಿಯಾರು! ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನ ಅಕ್ಷರ, ನಿಧಾನವಾಗಿ ಓದಿಕೋ.

ನಾನು ಈಗಲೂ ಮೀನು ಮಾರ್ಕೆಟ್ಟಿನಲ್ಲಿ ನನ್ನ ಕಲ್ಲಿನ ಮುಂದೆ ನಿಂತಿದ್ದೇನೆ ಅಂದುಕೊಂಡಿರುತ್ತೀಯ. ಆ ಕಲ್ಲು ಹೋಯಿತು. ಕೊಯ್ಯುವುದಕ್ಕೆ ಮೆಷಿನ್ ಬಂತು. ಇಪ್ಪತ್ತೆರಡು ವರ್ಷ ಮೀನು ಕೊಯ್ದ ಕೈ, ಎರಡು ವಾರ ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು. ನನ್ನ ಹತ್ತಿರವೇ ಮೀನು ಕೊಯ್ಯಿಸಿಕೊಂಡು ಹೋಗುತ್ತಿದ್ದ ಒಬ್ಬರು ಮೇಷ್ಟ್ರು ಮನೆ ಹುಡುಕಿಕೊಂಡು ಬಂದರು. ಅವರು ಅಡುಗೆ ಶಾಲೆಯಲ್ಲಿ ಸುಶಿ ಕಲಿಸುತ್ತಾರೆ. "ಅಮ್ಮ, ನಿಮ್ಮ ಕೈಗೆ ಮುಳ್ಳಿನ ದಾರಿ ಗೊತ್ತು. ಮಿಕ್ಕಿದ್ದನ್ನ ನಾನು ಕಲಿಸ್ತೀನಿ ಬನ್ನಿ" ಅಂದರು. ಐವತ್ತು ವರ್ಷದ ಹೆಂಗಸು ಶಾಲೆಗೆ ಹೊರಟರೆ ಜನ ನಗುತ್ತಾರೆ ಎಂದೆ. "ನಗೋರಿಗೆ ಹಸಿವಾದಾಗ ಬರ್ತಾರೆ" ಅಂದರು. ಹೋದೆ. ಆರು ತಿಂಗಳಾಯಿತು.

ಸುಶಿ ಅಂದರೆ ಹುಳಿ ಕಲೆಸಿದ ಅನ್ನದ ಸಣ್ಣ ತುತ್ತು, ಅದರ ಮೇಲೆ ಹಸಿ ಮೀನಿನ ಒಂದು ಪದರ. ಒಗ್ಗರಣೆ ಇಲ್ಲ, ಒಲೆಗೆ ಅನ್ನದ್ದೊಂದೇ ಕೆಲಸ. ಇದಕ್ಕೂ ಒಂದು ಶಾಲೆಯೇ ಅಂತ ನಾನೂ ನಕ್ಕಿದ್ದೆ. ಮೊದಲ ಎರಡು ತಿಂಗಳು ಬರೀ ಅಕ್ಕಿ ತೊಳೆಸಿದಾಗ ನಗು ನಿಂತಿತು. ಅನ್ನವನ್ನು ಮರದ ತೊಟ್ಟಿಗೆ ಸುರಿದು, ಹುಳಿನೀರು ಚಿಮುಕಿಸಿ, ಅಗುಳು ಮುರಿಯದ ಹಾಗೆ ಮರದ ಸಟ್ಟುಗದಲ್ಲಿ ಸೀಳಿ ಸೀಳಿ ಬೀಸಣಿಗೆ ಬೀಸಬೇಕು. ಅದು ಮನುಷ್ಯರ ಮೈಯಷ್ಟು ಬೆಚ್ಚಗಿರುವಾಗ ಕೈಗೆ ತೆಗೆದುಕೊಳ್ಳಬೇಕು. ಮಿಕ್ಕವರೆಲ್ಲ ಬಿಸಿ ಅಳೆಯುವ ಕಡ್ಡಿ ಚುಚ್ಚಿ ನೋಡುತ್ತಾರೆ. ನಾನು ಕೈಯ ಹಿಂಬದಿ ಇಟ್ಟು, ಈಗ ಆಯಿತು ಅನ್ನುತ್ತೇನೆ. ಒಂದು ದಿನವೂ ತಪ್ಪಿಲ್ಲ. ಯಾರ ಹತ್ತಿರ ಕಲಿತಿರಿ ಎಂದು ಮೇಷ್ಟ್ರು ಕೇಳಿದರು. ಮಗಳ ಹಣೆ ಮುಟ್ಟಿ ಮುಟ್ಟಿ ಬಂದದ್ದು ಎಂದೆ.

ಕತ್ತಿಯ ಕೆಲಸದಲ್ಲಿ ಮಾತ್ರ ಬೈಸಿಕೊಂಡೆ. ಮಾರ್ಕೆಟ್ಟಿನ ಕೈ, ಧಡ್ ಅಂತ ಬೀಳುತ್ತಿತ್ತು. "ಅಮ್ಮ, ಅದೇನು ನಿಮ್ಮ ವೈರಿಯಾ?" ಅನ್ನುತ್ತಿದ್ದರು. ಇಲ್ಲಿ ಕತ್ತಿಯ ಬುಡದಿಂದ ತುದಿಯವರೆಗೆ ಒಂದೇ ಎಳೆತ. ಅದೂ ಬಂತು. ಮೀನು ಕೊಯ್ಯುವ ಹಲಗೆಯ ಹಿಂದೆ ನನ್ನ ಜೊತೆಗೆ ನಿಲ್ಲುವವರು ಒಬ್ಬರು ರಿಟೈರಾದ ಬಸ್ ಡ್ರೈವರ್. ಅಣ್ಣಾ ಅಂತಲೇ ಕರೆಯುತ್ತೇನೆ. ತುತ್ತು ಕಟ್ಟುವಾಗ ಸ್ಟೇರಿಂಗ್ ತಿರುಗಿಸಿದ ಹಾಗೆ ಮೊಣಕೈ ಅಗಲಿಸುತ್ತಾರೆ. ನಾನು ಬ್ರೇಕ್ ಹಾಕಿ ಅಂದರೆ, "ಹಿಂದೆ ಸರಿ ತಾಯಿ, ಟರ್ನಿಂಗ್ ಇದೆ" ಅನ್ನುತ್ತಾರೆ.

ಇಷ್ಟು ಹೊತ್ತು ಬರೆದದ್ದು ಸುಲಭದ್ದು. ಇನ್ನು ಕಷ್ಟದ್ದು.

ಎಂಟು ತಿಂಗಳ ಹಿಂದೆ ನಿನ್ನ ಮನೆಗೆ ಬಂದಾಗ ನೀನು ಬೆಳಿಗ್ಗೆಯೇ ಎದ್ದು, ಅಮ್ಮನಿಗೆ ಅಂತ ಮೊದಲ ಸಲ ಮೀನು ಮಾಡಿದೆ. ನಿಮ್ಮತ್ತೆ ಪಕ್ಕದಲ್ಲೇ ಕೂತಿದ್ದರು. ನಾನು ತಟ್ಟೆ ಸರಿಸಿ ಬರೀ ಅನ್ನ ಉಂಡು ಎದ್ದೆ. ನಿನ್ನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಅಡುಗೆಮನೆಗೆ ಬಂದು ಹೇಳಿದೆಯಲ್ಲ: "ಊರವರಿಗೆಲ್ಲ ಕೊಯ್ದು ಕೊಡ್ತೀಯ, ಮಗಳ ಕೈದು ಮಾತ್ರ ನಿನಗೆ ಅಸಹ್ಯ. ನಿನ್ನ ದೇವರ ಹತ್ರಾನೇ ಊಟ ಮಾಡ್ಕೋ ಹೋಗು." ನಾನು ಚೀಲ ತೆಗೆದುಕೊಂಡು ಬಂದುಬಿಟ್ಟೆ.

ಚುಕ್ಕೀ, ದೇವರ ಮೇಲಿನ ಭಕ್ತಿಗೆ ನಾನು ಮೀನು ತಿನ್ನುವುದಿಲ್ಲ ಎಂಬುದಷ್ಟೇ ನಿನಗೆ ಗೊತ್ತು; ನಿನ್ನ ಕೈಯದಾದರೆ ತಿಂದೇನು ಅಂದುಕೊಂಡೆ. ಮದುವೆಗೆ ಮುಂಚೆ, ಮದುವೆಯಾದ ಮೇಲೂ, ಮೀನೆಂದರೆ ನನಗೆ ಪ್ರಾಣ. ಮುಳ್ಳು ಚೀಪುವುದರಲ್ಲಿ ಬೆಕ್ಕು ನನ್ನ ಹತ್ತಿರ ಪಾಠ ಕಲಿಯಬೇಕಿತ್ತು. ನಿನಗೆ ಆರು ವರ್ಷವಿದ್ದಾಗ ಆ ಜ್ವರ ಬಂತು. ಆಸ್ಪತ್ರೆಯಲ್ಲಿ ಒಂಬತ್ತನೇ ದಿನ ನೀನು ಕಣ್ಣು ಬಿಡಲಿಲ್ಲ. ನಡುಮಧ್ಯಾಹ್ನ, ಕಿಟಕಿಯ ಬಿಸಿಲು ನಿನ್ನ ಕಾಲ ಮೇಲೆ ಬಿದ್ದಿತ್ತು. ನಾನು ನಿನ್ನ ಹಣೆಯ ಮೇಲೆ ಕೈ ಇಟ್ಟುಕೊಂಡು ದೇವರಿಗೆ ಹೇಳಿಕೊಂಡೆ: ಈ ಮಗುವನ್ನು ಉಳಿಸಿಕೊಡು, ನನ್ನ ನಾಲಿಗೆಗೆ ಇನ್ನು ಸಾಯುವ ತನಕ ಮೀನು ಬೇಡ. ನನ್ನ ಹತ್ತಿರ ಕೊಡುವಂಥದ್ದು ಬೇರೆ ಏನೂ ಇರಲಿಲ್ಲ. ಮರುದಿನ ಬೆಳಿಗ್ಗೆ ನೀನು ನೀರು ಕೇಳಿದೆ.

ಅದೇ ವಾರ ನಿಮ್ಮಪ್ಪ ಹೋದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ಸಿಕ್ಕಿದ ಕೆಲಸ ಮಾರ್ಕೆಟ್ಟಿನದು. ಹರಕೆ ತಿನ್ನುವುದಕ್ಕಿತ್ತೇ ಹೊರತು ಮುಟ್ಟುವುದಕ್ಕಿರಲಿಲ್ಲ. ದೇವರ ಹತ್ತಿರ ಮಾತಾಡುವಾಗಲೂ ಹೆಂಗಸು ಹೊಟ್ಟೆಪಾಡಿಗೆ ಒಂದು ಕಿಂಡಿ ಬಿಟ್ಟುಕೊಂಡಿರುತ್ತಾಳೆ ನೋಡು. ಮನೆಯಲ್ಲಿ ನಿನಗೆ ಮಾಡಿ ಹಾಕುವಾಗ ನಿನ್ನನ್ನೇ ಕರೆಯುತ್ತಿದ್ದೆ, ಉಪ್ಪು ನೋಡು ಬಾ ಅಂತ. ನೀನು ಲಂಗ ಎತ್ತಿಕೊಂಡು ಓಡಿ ಬಂದು ನನ್ನ ಅಂಗೈ ನೆಕ್ಕಿ, ದೊಡ್ಡ ಯಜಮಾನಿಯ ಹಾಗೆ "ಇನ್ನೂ ಸ್ವಲ್ಪ" ಅನ್ನುತ್ತಿದ್ದೆ. ಅದು ಮುದ್ದಿಗೆ ಅಂತ ನೀನು ಅಂದುಕೊಂಡಿದ್ದೆ. ಮುದ್ದೂ ಹೌದು. ಆದರೆ ನನಗೆ ನಾಲಿಗೆ ಇರಲಿಲ್ಲ ಚುಕ್ಕೀ, ನೀನೇ ನನ್ನ ನಾಲಿಗೆಯಾಗಿದ್ದೆ.

ಶಾಲೆಯಲ್ಲಿ ಆ ಕೆಲಸ ಡ್ರೈವರಣ್ಣನ ಪಾಲಿಗೆ ಬಂತು. ಕೊಯ್ದ ಮೀನಿನ ತುದಿಯನ್ನು ಮೊದಲು ನಾವೇ ತಿಂದು ನೋಡಬೇಕು, ಆಮೇಲೇ ಬಡಿಸಬೇಕು. ಅದು ಇಲ್ಲಿನ ಮೊದಲ ಪಾಠ. ಮೇಷ್ಟ್ರು ಅತ್ತ ತಿರುಗಿದಾಗ ನನ್ನ ತುದಿಯನ್ನು ಅಣ್ಣನ ಕಡೆ ತಳ್ಳುತ್ತಿದ್ದೆ. "ನಿಮ್ಮ ನಾಲಿಗೆಗೆ ನಾನು ಬದಲಿ ಡ್ರೈವರ್" ಅನ್ನುತ್ತ ತಿಂದು, ಸರಿಯಿದೆಯೋ ಇಲ್ಲವೋ ಎಂದು ಕಣ್ಣಲ್ಲೇ ಹೇಳುತ್ತಿದ್ದರು. ನಾಲ್ಕು ತಿಂಗಳು ಹೀಗೇ ನಡೆಯಿತು. ಕಾರಣ ಅವರೂ ಕೇಳಲಿಲ್ಲ.

ಹೋದ ಗುರುವಾರ ಬಂಗುಡೆ. ಆ ಮೀನಿಗೆ ಮೊದಲು ಉಪ್ಪು ಹಚ್ಚಿ ಒಂದು ಗಂಟೆ ಇಟ್ಟು, ತೊಳೆದು, ಆಮೇಲೆ ಹುಳಿನೀರಿನಲ್ಲಿ ಮುಳುಗಿಸಬೇಕು. ನಾನು ಉಪ್ಪು ಹಚ್ಚಿ ತೊಳೆದಿಟ್ಟು ಅಕ್ಕಿ ನೋಡಲು ಹೋಗಿದ್ದೆ. ಅಣ್ಣ ಬಂದು, ಇದಕ್ಕಿನ್ನೂ ಹಚ್ಚಿಲ್ಲವೇನೋ ಎಂದು ಇನ್ನೊಂದು ಸಲ ಹಚ್ಚಿ, ಗಂಟೆ ಕಳೆದ ಮೇಲೆ ತೊಳೆದೂ ಇಟ್ಟರು. ಅವರು ಉಪಕಾರವೆಂದೇ ಮಾಡಿದ್ದು, ಮೀನು ಮಾತ್ರ ಉಪ್ಪುಪ್ಪಾಯಿತು. ಆ ದಿನ ಅವರಿಗೆ ಶೀತ. ಮೂಗು ಕಟ್ಟಿ ರುಚಿಯೇ ತಿಳಿಯುತ್ತಿರಲಿಲ್ಲ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ, ಸರಿಯಿದೆ ಎಂದು ತಲೆಯಾಡಿಸಿಬಿಟ್ಟರು.

ಮೇಷ್ಟ್ರು ನನ್ನ ತುತ್ತು ಬಾಯಿಗಿಟ್ಟುಕೊಂಡರು. ಮುಖ ಬದಲಾಗಲಿಲ್ಲ. ನುಂಗಿದರು, ನೀರು ಕುಡಿದರು. "ನೀವು ರುಚಿ ನೋಡಿದ್ರಾ ಅಮ್ಮ?" ಅಂದರು. ಹೂಂ ಸರ್, ನೋಡಿದೆ ಎಂದೆ. ಅವರು ತಟ್ಟೆಯಿಂದ ಇನ್ನೊಂದು ತುತ್ತು ಎತ್ತಿ ನನ್ನ ಮುಂದೆ ಹಿಡಿದು, "ಹಾಗಾದ್ರೆ ಇದನ್ನೂ ನೋಡಿ" ಅಂದರು. ಇಡೀ ಕ್ಲಾಸು ಕತ್ತಿ ಕೆಳಗಿಟ್ಟು ನೋಡುತ್ತಿತ್ತು. ನನಗೆ ಕೈ ಚಾಚಲು ಆಗಲಿಲ್ಲ, ಬಾಯಿ ಬಿಡಲೂ ಆಗಲಿಲ್ಲ. "ತಪ್ಪು ನಂದು ಸರ್" ಎಂದು ಅಣ್ಣ ನಡುವೆ ಬಂದರು. ಅವರನ್ನು ಹಿಂದೆ ಕಳಿಸಿ ನಾನೇ ಎಲ್ಲ ಹೇಳಿದೆ. ಹರಕೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲೇ, ಹೊರಗಿನವರ ಮುಂದೆ. ನಿನಗೆ ಹೇಳುವ ಮುಂಚೆ ಅವರಿಗೆ ಹೇಳಬೇಕಾಗಿ ಬಂತು.

ಮೇಷ್ಟ್ರು ಕತ್ತಿ ಒರೆಸಿಟ್ಟರು. ಆಮೇಲೆ ಹೇಳಿದರು: "ಹರಕೆ ಬಿಡಿ ಅನ್ನೋಕೆ ನಾನ್ಯಾರು. ಆದ್ರೆ ನೋಡದೇ ಇರೋದನ್ನ ನೋಡಿದೆ ಅಂದ್ರಲ್ಲ, ಅದಕ್ಕೆ ನಿಮ್ಮ ದೇವರು ಏನಂತಾನೆ? ಹಸಿ ಮೀನಮ್ಮ ಇದು. ಎದುರಿಗೆ ಕೂತೋರು ನಿಮ್ಮನ್ನ ನಂಬಿ ಬಾಯಿ ತೆರೀತಾರೆ. ಪರೀಕ್ಷೆ ದಿನ ತಿಂದು ನೋಡ್ತೀರಾದ್ರೆ ಬನ್ನಿ. ಆಗದಿದ್ರೆ ಬೇಜಾರಿಲ್ಲ, ಆದ್ರೆ ಹಲಗೆ ಹಿಂದೆ ನಿಲ್ಲಿಸಲ್ಲ."

ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಮೂರು ದಿನದಿಂದ ಬೆಳಿಗ್ಗೆ ದೀಪ ಹಚ್ಚಿ ಕೂತು ದೇವರನ್ನೇ ಕೇಳುತ್ತಿದ್ದೇನೆ. ಕೊಟ್ಟ ಮಾತು ಮುರಿಯುವುದು ದೊಡ್ಡ ಪಾಪವೋ, ನಂಬಿ ಕೂತವರಿಗೆ ಸುಳ್ಳು ಬಡಿಸುವುದು ದೊಡ್ಡ ಪಾಪವೋ? ದೀಪ ಉರಿಯಿತು, ಆರಿತು, ಅಷ್ಟೇ. ನನಗೆ ನರಕದ ಭಯವಿಲ್ಲ. ನಾನು ಒಂದು ಚೂರು ಬಾಯಿಗಿಟ್ಟ ಗಳಿಗೆಯಲ್ಲಿ ಎಲ್ಲೋ ದೂರದಲ್ಲಿ ನಿನಗೆ ಏನಾದರೂ ಆದರೆ ಎಂಬ ಭಯ. ನೀನು ನಗಬಹುದು. ಆ ಮಧ್ಯಾಹ್ನ ನಿನ್ನ ಹಣೆ ಮುಟ್ಟಿದ್ದರೆ ನೀನೂ ನಗುತ್ತಿರಲಿಲ್ಲ.

ಪರೀಕ್ಷೆ ಬರುವ ಭಾನುವಾರವಲ್ಲ, ಅದರ ಮುಂದಿನದು. ಬೆಳಿಗ್ಗೆ ಹನ್ನೊಂದಕ್ಕೆ. ಪ್ರತಿಯೊಬ್ಬರ ಎದುರಿಗೂ ಒಂದು ಕುರ್ಚಿ. ತಮಗೆ ಬೇಕಾದ ಒಬ್ಬರನ್ನು ಕೂರಿಸಿ, ಹತ್ತು ತುತ್ತು, ಒಂದೊಂದಾಗಿ ಕಟ್ಟಿ ಕೊಡಬೇಕು. ಡ್ರೈವರಣ್ಣ ಹೆಂಡತಿಯನ್ನು ಕರೆದಿದ್ದಾರೆ. "ನಲವತ್ತು ವರ್ಷ ಅವಳು ಬಡಿಸಿದ್ಲು, ಹತ್ತು ತುತ್ತಿಗೆ ಲೆಕ್ಕ ಚುಕ್ತಾ ಆಗುತ್ತಾ?" ಎಂದು ಕೇಳುತ್ತಾರೆ. ಗೋಡೆಯ ಪಟ್ಟಿಯಲ್ಲಿ ನನ್ನ ಎದುರಿನ ಜಾಗ ಖಾಲಿ ಇತ್ತು. ನಿನ್ನೆ ನಿನ್ನ ಹೆಸರು ಬರೆಸಿದೆ.

ನೀನು ಬಂದು ಕೂರು. ನಿನ್ನನ್ನು ಕಣ್ಣೆದುರಿಗೆ ಇಟ್ಟುಕೊಂಡು, ನೀನು ಉಸಿರಾಡುವುದನ್ನು ನೋಡುತ್ತ, ನಾನು ಆ ಚೂರನ್ನು ನಾಲಿಗೆಯ ಮೇಲೆ ಇಡುತ್ತೇನೆ. ನೀನು ದೂರದಲ್ಲಿದ್ದರೆ ಅಷ್ಟು ಧೈರ್ಯ ನನಗಿಲ್ಲ. ಇದು ನಿನ್ನ ಮೇಲೆ ಹೊತ್ತ ಹರಕೆ, ನೀನೇ ಒಂದು ಮಾತು "ಸಾಕಮ್ಮ" ಅಂದರೆ ದೇವರೂ ಕೇಳಿಸಿಕೊಂಡಾನು. ಅಲ್ಲಿಂದ ನೇರ ನಿನ್ನ ಮನೆಗೆ ಬರುತ್ತೇನೆ. ಎಂಟು ತಿಂಗಳ ಹಿಂದೆ ತಟ್ಟೆಯಲ್ಲಿ ಬಿಟ್ಟದ್ದನ್ನು ಇನ್ನೊಮ್ಮೆ ಮಾಡಿ ಹಾಕು. ನಿಮ್ಮತ್ತೆಯವರ ಪಕ್ಕದಲ್ಲೇ ಕೂತು ಮುಳ್ಳು ಸಮೇತ ಉಣ್ಣುತ್ತೇನೆ.

ಅಳಿಯಂದಿರಿಗೆ, ನಿಮ್ಮತ್ತೆಯವರಿಗೆ ನಾನು ಕೇಳಿದೆನೆಂದು ಹೇಳು.

ನಿನ್ನ ದಾರಿ ನೋಡುವ
ಅಮ್ಮ

ಮತ್ತೆ: ಲಕೋಟೆಯನ್ನು ಅನ್ನದ ಅಗುಳಿನಿಂದ ಅಂಟಿಸಿದ್ದೆ. ಒಣಗುವ ಮುಂಚೆ ಬಿಚ್ಚಿದೆ. ಬರೆಯುವುದಿಲ್ಲ ಎಂದದ್ದನ್ನು ಬರೆಯದೆ ನಿನ್ನನ್ನು ಕರೆದರೆ ಅದೂ ರುಚಿ ನೋಡದೆ ಬಡಿಸಿದ ಹಾಗೆಯೇ.

ಆ ಮಧ್ಯಾಹ್ನ ನಿಮ್ಮಪ್ಪ ಪಕ್ಕದ ಮಂಚದಲ್ಲೇ ಇದ್ದರು. ಅವರಿಗೂ ಅದೇ ಜ್ವರ. ನನ್ನ ಕೈ ಒಂದು ನಿನ್ನ ಹಣೆಯ ಮೇಲಿತ್ತು, ಇನ್ನೊಂದು ಅವರ ಹಣೆಯ ಮೇಲೆ. ಕೊಡುವುದಕ್ಕೆ ಒಂದೇ ಇತ್ತು. ಇಬ್ಬರನ್ನು ಕೇಳಿದರೆ ಆಸೆಬುರುಕಿ ಎಂದು ದೇವರು ಇಬ್ಬರನ್ನೂ ಕೊಡದೆ ಹೋದರೆ ಎಂದು ಹೆದರಿ, ನಿನ್ನೊಬ್ಬಳನ್ನೇ ಕೇಳಿದೆ. ನನ್ನ ತುಟಿ ಅಲ್ಲಾಡುವುದನ್ನು ಅವರು ನೋಡಿದರು. "ನಂಗೂ ಬೇಡ್ಕೊಂಡ್ಯಾ?" ಎಂದು ಕೇಳಿದರು. ಹೂಂ ಎಂದೆ. ಅವರು ನನ್ನ ಕೈ ತಟ್ಟಿ ಕಣ್ಣು ಮುಚ್ಚಿಕೊಂಡರು.

ಹರಕೆಯ ವಿಷಯ ನಿನಗೆ ಇಷ್ಟು ವರ್ಷ ಹೇಳದೇ ಇದ್ದದ್ದು ಇದಕ್ಕೇ. ಹೇಳಿದ್ದರೆ ನೀನು ಮೊದಲು ಕೇಳುತ್ತಿದ್ದದ್ದು ಅಪ್ಪನಿಗೆ ಏನು ಹೊತ್ತುಕೊಂಡೆ ಎಂದು.

ಇದನ್ನು ಓದಿದ ಮೇಲೂ ಬರುವ ಮನಸ್ಸಾದರೆ ಬಾ. ಬಂದರೆ, ಉಪ್ಪು ನೋಡುವ ಕೆಲಸ ನಿನಗಿಲ್ಲ. ಅದು ಇನ್ನು ಮೇಲೆ ನನ್ನದು.