ಉಳಿದರ್ಧ ತೋಟಕ್ಕೆ ಟಿಲ್ಲರ್ ಕಳಿಸಬೇಡಿ

ತರಗೆಲೆ ಕಂಡರೆ ಕಸವೆನ್ನುವ ಮಾನ್ಯ ಕೃಷಿ ಅಧಿಕಾರಿಗಳೇ,

ನಿಮ್ಮ ಟಿಲ್ಲರ್ ನಮ್ಮ ಬಾಳೆತೋಟದ ಅರ್ಧವನ್ನು ಹಾಳುಮಾಡಿದೆ. ಉಳಿದರ್ಧವನ್ನೂ ಬರುವ ಸೋಮವಾರ ಉಳುವುದಾಗಿ ಚರ್ಚಿನ ಬಾಗಿಲಿಗೆ ನೋಟಿಸು ಅಂಟಿಸಿದ್ದೀರಿ. ಅದನ್ನು ಓದಿದ ಮೇಲೆ ಸುಮ್ಮನಿರಲು ನನ್ನಿಂದಾಗಲಿಲ್ಲ. ಊರೆಲ್ಲ ಓದಲಿ ಎಂದೇ ಈ ಪತ್ರ.

ನಮ್ಮ ಬುಗಾಂಡ ಸೀಮೆಯಲ್ಲಿ ಬಾಳೆತೋಟವನ್ನು ಆಳವಾಗಿ ಅಗೆಯುವುದಿಲ್ಲ. ಒಣಗಿದ ಎಲೆ, ಕಡಿದ ದಿಂಡು, ಮಟೋಕೆ ಬಾಳೆಕಾಯಿಯ ಸಿಪ್ಪೆ ಎಲ್ಲವನ್ನೂ ಬುಡದ ಸುತ್ತ ಹಾಸುತ್ತೇವೆ, ಕಳೆಯನ್ನು ಕೈಯಲ್ಲೇ ಕೀಳುತ್ತೇವೆ. ಆ ಹಾಸಿನಡಿ ಎರೆಹುಳು ಎಲೆ ತಿಂದು, ಬಿಲ ಕೊರೆದು, ಮಳೆನೀರು ಇಳಿಯಲು ದಾರಿ ಮಾಡುತ್ತದೆ. ಅದು ಸಂಬಳ ಕೇಳುವುದಿಲ್ಲ, ಭತ್ಯೆ ಕೇಳುವುದಿಲ್ಲ, ಸಭೆಯ ನೆಪದಲ್ಲಿ ರಾಜಧಾನಿ ಕಂಪಾಲಕ್ಕೆ ಹೋಗಿ ಕೂರುವುದಿಲ್ಲ. ಬಹುಶಃ ಅದಕ್ಕೇ ಅದು ಮಾಡುವುದು ಕೆಲಸವೆಂದು ನಿಮಗೆ ಅನ್ನಿಸಲಿಲ್ಲ.

ಮಳೆಗಾಲಕ್ಕೆ ಮುಂಚೆ ನೀವು ಮನೆಗೆ ಬಂದಾಗ ನನ್ನ ಅತ್ತೆ ನಬುಕೀರಾ ಕೋಲು ಬದಿಗಿಟ್ಟು, ಮೊಣಕಾಲೂರಿ ನಿಮ್ಮನ್ನು ಬರಮಾಡಿಕೊಂಡರು.

"ಏನಜ್ಜಿ ಇದು, ತೋಟಾನೋ ತಿಪ್ಪೇನೋ? ಟಿಲ್ಲರ್ ಹೊಡೆಸಿ ಕ್ಲೀನ್ ಮಾಡಿಸಿಕೊಡ್ತೀನಿ ಬಿಡಿ," ಎಂದಿರಿ.

"ಒಳ್ಳೇದಾಗ್ಲಿ ಸ್ವಾಮಿ, ದೊಡ್ಡ ಮನಸ್ಸು ನಿಮ್ದು," ಎಂದರು ಅತ್ತೆ, ತಲೆ ಎತ್ತದೆ.

ಮಂಡಿಯೂರಿದ ಹೆಂಗಸು ಮನೆಗೆ ಬಂದ ಅತಿಥಿಗೆ ಬೇಡವೆನ್ನುವುದು ನಮ್ಮಲ್ಲಿ ಉಂಟೇ? ಇಷ್ಟೊಂದು ಊರು ಸುತ್ತುವ ನಿಮಗೆ ಅದು ತಿಳಿಯದೇ? ಮರ್ಯಾದೆಯನ್ನು ಒಪ್ಪಿಗೆಯೆಂದು ತಪ್ಪು ತಿಳಿದಿರೋ, ಹಾಗೆ ತಿಳಿಯುವುದೇ ನಿಮಗೆ ಅನುಕೂಲವಾಗಿತ್ತೋ?

ಮರುವಾರ ನಾನು ಸಂತೆಯಿಂದ ಬರುವಷ್ಟರಲ್ಲಿ ಟಿಲ್ಲರ್ ತೋಟದೊಳಗಿತ್ತು, ಅದರ ಹಿಂದೆ ಬೆಳ್ಳಕ್ಕಿಗಳ ಹಿಂಡು. ತುಂಡಾದ ಎರೆಹುಳುಗಳು ಮಣ್ಣಿನ ಮೇಲೆ ಒದ್ದಾಡುತ್ತಿದ್ದವು. ಇಡಿಯಾಗಿ ಉಳಿದವು ಬಿಸಿಲಿಗೆ ಬಿದ್ದು ಒಣಗುತ್ತಿದ್ದವು. ನಾನು ಕೂಗಾಡಿದೆ.

"ಒಂದು ಹುಳ ತುಂಡಾದ್ರೆ ಎರಡಾಗ್ತದೆ ಬಿಡಮ್ಮ, ನಿಂಗೇ ಲಾಭ," ಎಂದ ನಿಮ್ಮ ಡ್ರೈವರ್.

ಪಕ್ಕದಲ್ಲೇ ನಿಂತಿದ್ದ ನೀವು ಅವನನ್ನು ತಿದ್ದಲಿಲ್ಲ, ನಕ್ಕಿರಿ. ನಿಮ್ಮ ಕಚೇರಿಯ ನಡುವೆ ಟಿಲ್ಲರ್ ಹಾಯಿಸಿದರೆ ಎರಡು ಕಚೇರಿಗಳಾಗುತ್ತವೆಯೇ ಸ್ವಾಮಿ? ಅಂದು ಅರ್ಧ ತೋಟವಾದರೂ ಉಳಿದದ್ದು ನಿಮ್ಮ ಕರುಣೆಯಿಂದಲ್ಲ, ಡೀಸೆಲ್ ಮುಗಿದದ್ದರಿಂದ.

ಮಳೆ ಬಂತು. ಉತ್ತ ಕಡೆ ನೀರು ಇಂಗಲೇ ಇಲ್ಲ. ಮಣ್ಣು ಮೇಲೆ ಹೆಪ್ಪುಗಟ್ಟಿತು, ಮಿಕ್ಕದ್ದು ಕೆಂಪಗೆ ಇಳಿಜಾರಿನಲ್ಲಿ ಹರಿದುಹೋಯಿತು. ಬೇರು ಕಡಿದುಹೋಗಿದ್ದ ಬಾಳೆಗಳು ಗಾಳಿಗೆ ಗೊನೆ ಸಮೇತ ಮಲಗಿದವು. ಉಳದೆ ಬಿಟ್ಟ ಕಡೆ ಒಂದೂ ಬೀಳಲಿಲ್ಲ. ಇದನ್ನು ನೋಡಲು ನೀವು ಬರಲಿಲ್ಲ.

ಮದುವೆಯಾಗಿ ಬಂದ ಮೇಲೆ ಮೊದಲ ಬಾರಿಗೆ ಸಂತೆಯಲ್ಲಿ ಮಟೋಕೆ ಕೊಂಡೆ. ಎಲೆಯಲ್ಲಿ ಸುತ್ತಿ ಬೇಯಿಸಿ ಬಡಿಸಿದರೆ ಅತ್ತೆ ಒಂದು ತುತ್ತು ತಿಂದು ಕೈ ತಡೆದರು.

"ಯಾರ ತೋಟದ್ದೇ ಇದು?"

"ಸಂತೇದು, ಅತ್ತೆ."

"ತೋಟ ಇಟ್ಕೊಂಡು ಕೊಂಡು ತಿನ್ನೋ ಗತಿ ಬಂತಾ ನಮ್ಗೆ?" ಎನ್ನುತ್ತ ಅತ್ತೆ ಅತ್ತುಬಿಟ್ಟರು.

ಆದ್ದರಿಂದ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಹಾಳಾದ ಅರ್ಧಕ್ಕೆ ಹಾಸಲು ಲಾರಿ ತುಂಬ ಒಣಹುಲ್ಲು ಕಳಿಸಿ. ಬಿದ್ದ ಬಾಳೆಯನ್ನಂತೂ ನಿಮ್ಮಿಂದ ಎಬ್ಬಿಸಲಾಗದು. ಇಲ್ಲವಾದರೆ ಸೋಮವಾರ ಟಿಲ್ಲರ್ ಬರುವ ದಾರಿಗೆ ಅಡ್ಡಲಾಗಿ ನಾವು ಹೆಂಗಸರೆಲ್ಲ ಚಾಪೆ ಹಾಸಿ ಕೂರುತ್ತೇವೆ. ಎಲ್ಲರಿಗಿಂತ ಮುಂದೆ ತಾನೇ ಕೂರುವುದಾಗಿ ಅತ್ತೆ ಹೇಳಿದ್ದಾರೆ. ನೆಲದ ಮೇಲೆ ಕೂತರೆ ಅವರಿಗೆ ತಾವಾಗಿ ಏಳಲು ಆಗುವುದಿಲ್ಲ, ಇಬ್ಬರು ಹಿಡಿದು ಎತ್ತಬೇಕು. ನಾವು ಯಾರೂ ಎತ್ತುವುದಿಲ್ಲ.

ಇಂತಿ,
ಸದ್ಯಕ್ಕೆ ಅರ್ಧ ತೋಟದ ಒಡತಿ,
ನಾನ್ಸಿಕೊಂಬಿ