ಸುನೀತಾ ನುಂಗಿದ ಗುಳಿಗೆ

ನ್ಯಾಮತಿ
18-3-2025, ಮಂಗಳವಾರ

ಚಿರಂಜೀವಿ ಕಾವ್ಯಶ್ರೀಗೆ ನಿನ್ನ ಅವ್ವ ಮಾಡುವ ಆಶೀರ್ವಾದ.

ತೀರ್ಥರಾಮೇಶ್ವರನ ದಯದಿಂದ ನಾನೂ ನಿಮ್ಮಪ್ಪನೂ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೆ ಇದ್ದೇವೆ ಎಂದು ಬರೆದೆ. ಸುನೀತಾಳನ್ನು ಆಸ್ಪತ್ರೆಗೆ ಸೇರಿಸಿ ಬಂದ ಮಾರನೆಯ ದಿನವೇ ಬರೆಯಬೇಕಿತ್ತು. ಕೂತು ಬರೆದದ್ದನ್ನೆಲ್ಲ ಹರಿದು ಒಲೆಗೆ ಹಾಕುತ್ತಿದ್ದೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ ಮಗಳೇ. ಫೋನಿರುವಾಗ ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನೀನು "ಊಟ ಆತವ್ವ, ಕೆಲ್ಸ ಐತೆ" ಎಂದು ಇಟ್ಟುಬಿಡುತ್ತೀಯ.

ಮೊನ್ನೆ ನೀನು ನಿಮ್ಮಪ್ಪನಿಗೆ ಮಾತ್ರ ಹೇಳಿದ್ದು ನನಗೂ ಗೊತ್ತಾಯಿತು. ಪಂಕ್ಚರ್ ಹಾಕುತ್ತಿದ್ದವರು ಟ್ಯೂಬನ್ನು ನೀರಿನ ಬೋಗುಣಿಯಲ್ಲೇ ಬಿಟ್ಟು ಒಳಗೆ ಬಂದರು. "ಕಾವ್ಯ ಕೆಲ್ಸ ಬಿಡ್ತಾಳಂತೆ ಕಣೇ. ಹೈದರಾಬಾದ್ ಸಾಕಂತೆ. ಮತ್ತೆ ಚನ್ನಗಿರಿ ಮೆಡಿಕಲ್ ಶಾಪಿನಾಗೆ ಹೋಗಿ ನಿಲ್ತಾಳಂತೆ" ಎಂದರು. ಒದ್ದೆ ಕೈ ಪಂಚೆಗೆ ಒರೆಸಿಕೊಂಡು, "ನಾನು ಹೇಳಿದ್ದಕ್ಕೇ ಸುನೀತಾ ಅತ್ತಿಗೆ ಆ ಗುಳಿಗೆ ನುಂಗಿದ್ಲು, ಇನ್ನು ಯಾರಿಗೂ ಏನೂ ಹೇಳಾಕೆ ನಂಗೆ ಧೈರ್ಯ ಇಲ್ಲ ಅಂದ್ಲು" ಎಂದರು. ಅವತ್ತಿನಿಂದ ನನಗೆ ಸುನೀತಾಳ ಚಿಂತೆಗಿಂತ ನಿನ್ನ ಭಯವೇ ಹೆಚ್ಚಾಗಿದೆ. ಆ ಪರವೂರಿನ ಕೋಣೆಯಲ್ಲಿ ಒಬ್ಬಳೇ ಕೂತು ಏನು ಯೋಚಿಸುತ್ತಾಳೋ, ಏನು ಮಾಡಿಕೊಳ್ಳುತ್ತಾಳೋ ಎಂದು ಅನ್ನ ಬಸಿಯುವುದೇ ಮರೆತುಹೋಗುತ್ತದೆ.

ಅದಕ್ಕೇ ಜಗಳೂರಿನಲ್ಲಿ ಆದದ್ದನ್ನು ನಾನು ಕಂಡ ಹಾಗೆ ಬರೆಯುತ್ತೇನೆ. ನಿನಗೆ ಅರ್ಧ ಮಾತ್ರ ಗೊತ್ತು. ಉಳಿದದ್ದನ್ನು ಕೇಳದೆ ತೀರ್ಮಾನ ಮಾಡಬೇಡ.

ನಿನ್ನ ಚಿಕ್ಕವ್ವ ಲಕ್ಷ್ಮಮ್ಮ ಫೋನ್ ಮಾಡಿದಾಗ ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. "ಅಕ್ಕಾ, ಸೊಸೆ ಸುನೀತಾಗೆ ಅಮ್ಮ ಬಂದಾಳೆ. ಮೊಸರನ್ನದ ಎಡೆ ಇಡಾಕೆ ಬಾ" ಎಂದಳು. ಬಿಸಿಲು ಶುರುವಾಗಿತ್ತು, ಅವರ ಓಣಿಯಲ್ಲಿ ಮಕ್ಕಳಿಗೂ ಮೈಮೇಲೆ ಗುಳ್ಳೆ ಎದ್ದಿದ್ದವಂತೆ. ನಾನೂ ಅನುಮಾನ ಪಡಲಿಲ್ಲ. ತಲೆಗೆ ನೀರು ಹಾಕಿಕೊಂಡು, ಎಳನೀರು ಹಣ್ಣು ಕಟ್ಟಿಕೊಂಡು ಹೊನ್ನಾಳಿ ಮೇಲೆ ಹೋಗುವ ದಾವಣಗೆರೆ ಬಸ್ಸು ಹತ್ತಿದೆ. ಅಲ್ಲಿ ಇಳಿದು ಜಗಳೂರಿನ ಬಸ್ಸು ಹಿಡಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು.

ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಮನೆಯಲ್ಲಿ ಒಗ್ಗರಣೆ ಇಲ್ಲ, ಚಪ್ಪಲಿ ಸದ್ದಿಲ್ಲ, ಜ್ವರ ಎನ್ನುವ ಮಾತನ್ನೇ ಯಾರೂ ಆಡುವಂತಿಲ್ಲ. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ. ಮೈಮೇಲೆ ಎದ್ದಿರುವವಳು ದೇವಿ, ಅವಳಿಗೆ ಔಷಧಿ ತೋರಿಸುವುದು ಅಪಚಾರ. ನಾನು ಹೊಸಿಲಲ್ಲೇ ಕೈಮುಗಿದು ಒಳಗೆ ಹೋದೆ.

ನಿನಗೆ ಚಿಕ್ಕಂದಿನಲ್ಲಿ ಅಮ್ಮ ಆಗಿದ್ದಾಗ ಬೇವಿನೆಲೆ ಸವರಿದವಳು ನಾನೇ. ಆ ಗುಳ್ಳೆಗಳಲ್ಲಿ ತಿಳಿನೀರಿತ್ತು, ಒಂದು ಏಳುವಾಗ ಇನ್ನೊಂದು ಬಾಡುತ್ತಿತ್ತು. ಸುನೀತಾಳ ಮೈಮೇಲಿದ್ದದ್ದು ಹಾಗಿರಲಿಲ್ಲ. ಎದೆಯೆಲ್ಲ ಬರೆ ಎಳೆದಂತೆ ಚಪ್ಪಟೆ ಕಲೆ, ನಡುವೆ ಕಪ್ಪು. ತುಟಿಯ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಕಣ್ಣು ಕೀವಿನಿಂದ ಅಂಟಿಕೊಂಡಿದ್ದವು. ಬೇವಿನ ಎಸಳನ್ನು ತೋಳಿಗೆ ಮೆಲ್ಲಗೆ ತಾಗಿಸಿದೆ, ಚರ್ಮ ಎಸಳಿನ ಜೊತೆಗೇ ಬಂದುಬಿಟ್ಟಿತು.

"ಲಕ್ಷ್ಮೀ, ಇದು ಅಮ್ಮ ಅಲ್ಲ ಕಣೇ" ಎಂದೆ.

"ಥೂ, ಬಿಡ್ತು ಅನ್ನು! ಕೇಳಿಸ್ಕಂತಾಳೆ!" ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು.

ಕೈ ತೊಳೆಯಲು ಹಿತ್ತಲಿಗೆ ಹೋದರೆ ಅಲ್ಲಿ ಅವಳ ಮಗ, ಸುನೀತಾಳ ಗಂಡ ಕೆಂಚೇಶ್ ಕುಕ್ಕರುಗಾಲಲ್ಲಿ ಕೂತು ಬಾಳೆಹಣ್ಣು ಕಿವುಚುತ್ತಿದ್ದ. ನನ್ನನ್ನು ಕಂಡು ಬೆಚ್ಚಿದ. "ದೊಡ್ಡವ್ವ, ಅವ್ವಂಗೆ ಹೇಳಬ್ಯಾಡ. ಫಿಟ್ಸಿನ ಗುಳಿಗೆ ಇದು. ಡಾಕ್ಟ್ರು ಒಂದಿನಾನೂ ತಪ್ಪಿಸಬ್ಯಾಡ ಅಂದಾರೆ. ಅವ್ವ ನೋಡಿದ್ರೆ ಔಷಧಿ ಮುಟ್ಟಂಗಿಲ್ಲ ಅಂತಾಳೆ. ಅದಕ್ಕೇ ಎಡೆ ಹಣ್ಣು ಅಂತ ಇದ್ರಾಗೆ ಪುಡಿ ಮಾಡಿ ತಿನ್ನಸ್ತೀನಿ" ಎಂದ. ಬಾಯಿ ತುಂಬ ಹುಣ್ಣಾಗಿ ಅವಳು ನುಂಗಲಾರದೆ ಅಳುತ್ತಾಳಂತೆ, ಇವನೂ ಅಳುತ್ತಲೇ ತಿನ್ನಿಸುತ್ತಾನಂತೆ. ಹೆಂಡತಿಯ ಮೇಲಿನ ಪ್ರೀತಿಗೆ ಆ ಹುಡುಗ ಮಾಡುತ್ತಿದ್ದದ್ದು ಅದು.

ಅಲ್ಲಿಂದಲೇ ನಿನಗೆ ಫೋನ್ ಮಾಡಿದೆ. ನೀನು ಗಾಬರಿಯಾಗಲಿಲ್ಲ. "ಗುಳಿಗೆ ಶುರು ಮಾಡಿ ಎಷ್ಟ್ ದಿನ ಆತವ್ವ? ಬಾಯಾಗೆ ಹುಣ್ಣು ಐತಾ? ಕಣ್ಣು ಹೆಂಗದಾವೆ?" ಎಂದು ಒಂದೊಂದೇ ಕೇಳಿದೆ. ಆಮೇಲೆ, "ಆ ಹಣ್ಣು ಬಿಸಾಕು. ಇನ್ನೊಂದು ಗುಳಿಗೆ ಹೊಟ್ಟಿಗೆ ಹೋಗಬಾರ್ದು. ಗುಳಿಗೆ ಸಮೇತ ಈಗಲೇ ದಾವಣಗೆರೆಗೆ ಕರ್ಕಂಡು ಹೋಗ್ರಿ, ಕಣ್ಣಿನ ಡಾಕ್ಟ್ರಿಗೂ ತೋರಿಸ್ರಿ" ಎಂದೆ. ಅಷ್ಟು ಹೊತ್ತು ನಿನ್ನ ದನಿ ಹಿಡಿದುಕೊಂಡೇ ನಾನು ನಿಂತಿದ್ದೆ.

ಬಾಗಿಲಲ್ಲಿ ಲಕ್ಷ್ಮಮ್ಮ ಅಡ್ಡ ನಿಂತಳು. "ಎದ್ದಿರೋ ಅಮ್ಮನ್ನ ಹೊಸಿಲು ದಾಟಿಸ್ತೀಯಾ? ನನ್ ಮನಿ ತೊಳಿಯಾಕೆ ಬಂದೀಯಾ? ನಿನ್ ಮಗಳು ಗುಳಿಗೆ ಕಂಪ್ನಿಯೋಳು. ನುಂಗು ಅಂದೋಳೂ ಆಕೀನೇ, ಬಿಡು ಅನ್ನೋಳೂ ಆಕೀನೇ!" ಎಂದಳು.

ಆ ಮಾತು ನಿನ್ನ ಕಿವಿಗೂ ಬಿದ್ದಿತ್ತು. ಫೋನ್ ಇನ್ನೂ ನನ್ನ ಕೈಯಲ್ಲೇ ಇತ್ತು.

ನನಗೂ ಭಯವಿತ್ತು ಕಾವ್ಯ. ನಿಜವಾಗಿ ತಾಯಿ ಒಳಗಿದ್ದರೆ ಏನು ಗತಿ? ಐವತ್ತು ವರ್ಷ ಅವಳ ಹೆಸರು ಹೇಳಿ ಉಂಡವಳು ನಾನು. "ಶಾಪ ಬರೋದಿದ್ರೆ ನನಗೇ ಬರ್ಲಿ ಲಕ್ಷ್ಮೀ, ದಾರಿ ಬಿಡು" ಎಂದೆ. ಕೆಂಚೇಶ್ ಹೆಂಡತಿಯನ್ನು ಹಳೇ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡ. ಅವನು ಕರೆಸಿದ್ದ ಬಾಡಿಗೆ ಕಾರಿನ ಸೀಟಿಗೆ ನಾನು ಬೇವಿನ ಸೊಪ್ಪು ಹಾಸಿದೆ, ಎಡೆಯ ತಟ್ಟೆಯನ್ನೂ ತೊಡೆಯ ಮೇಲಿಟ್ಟುಕೊಂಡೆ. ದಾರಿಯುದ್ದಕ್ಕೂ ತಪ್ಪಾಯಿತು ತಾಯಿ ಎನ್ನುತ್ತಿದ್ದೆ. ಈಗಲೂ ದೀಪ ಹಚ್ಚುವಾಗ ಮೊದಲು ಅದನ್ನೇ ಹೇಳುತ್ತೇನೆ.

ಆಸ್ಪತ್ರೆಯಲ್ಲಿ ಸುಟ್ಟಗಾಯದವರ ಜೊತೆ ಮಲಗಿಸಿದರು. "ಅಮ್ಮಾ, ಆ ಗುಳಿಗೆ ಇನ್ನೊಂದಷ್ಟು ಒಳಗೆ ಹೋಗಿದ್ರೆ ನಮ್ಮ ಕೈಯಾಗೆ ಏನೂ ಇರ್ತಿರ್ಲಿಲ್ಲ" ಎಂದರು ಡಾಕ್ಟರು. ಸಾವಿರಾರು ಜನಕ್ಕೆ ಒಳ್ಳೆಯದು ಮಾಡುವ ಗುಳಿಗೆಯಂತೆ, ಎಲ್ಲೋ ಒಬ್ಬರಿಗೆ ಹೀಗೆ ಮೈ ತಿರುಗಿಬೀಳುತ್ತದಂತೆ. ಬರೆದುಕೊಟ್ಟ ಡಾಕ್ಟರನ್ನೂ ಅವರು ಬೈಯಲಿಲ್ಲ. ಫಿಟ್ಸಿಗೆ ಬೇರೆ ಔಷಧಿ ಹಾಕಿದ್ದಾರೆ. ಈಗ ಎದೆಯ ಮೇಲೆ ಹೊಸ ಚರ್ಮ ಬರುತ್ತಿದೆ, ಗಂಜಿ ಕುಡಿಯುತ್ತಾಳೆ. ಬಲಗಣ್ಣು ಮಾತ್ರ ಮಂಜು. ಕಾಯಬೇಕು ಎನ್ನುತ್ತಾರೆ.

ಅಲ್ಲಿ ನಿನ್ನ ವಯಸ್ಸಿನ ಒಬ್ಬ ಹುಡುಗಿ ಮಂಚದ ಹತ್ತಿರ ಬಂದು, ನೀನು ಕೇಳಿದ್ದನ್ನೇ ಕೇಳಿ ಬರೆದುಕೊಂಡಳು. "ನೀನು ಯಾರಮ್ಮ?" ಎಂದೆ. "ಔಷಧಿಯಿಂದ ಆಗೋ ತೊಂದ್ರೆ ಬರ್ಕೊಳ್ಳೋದು ನನ್ ಕೆಲ್ಸ ಅಮ್ಮಾ. ಇದನ್ನ ಮೇಲಕ್ಕೆ ಕಳಿಸ್ತೀವಿ" ಎಂದಳು. "ಮೇಲೆ ಓದೋರು ಯಾರು?" ಎಂದರೆ, "ಯಾರೋ ಒಬ್ರು, ನನ್ನಂಥೋರೇ" ಎಂದು ನಕ್ಕಳು. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಹೀಗೆ ಬಂದದ್ದನ್ನು ಕೂತು ಓದುವ ನಿನ್ನ ಕೆಲಸ ನನಗೆ ಅರ್ಥವಾದದ್ದು ಆಗಲೇ. ಅಲ್ಲಿಯವರೆಗೆ ಪಕ್ಕದ ಮನೆ ರಹಮತ್‌ಬೀಗೆ, "ಹೊಲದಾಗೆ ಅಟ್ಟಣಿಗೆ ಮ್ಯಾಲೆ ಕೂತು ಹಂದಿ ಬರದಂಗೆ ಕಾಯ್ತಾರಲ್ಲ, ಹಂಗೆ ಗುಳಿಗೆ ಕಾಯ್ತಾಳೆ" ಎನ್ನುತ್ತಿದ್ದೆ. ಅವಳು, "ಅಟ್ಟಣಿಗೆಗೆ ಏಸಿ ಬ್ಯಾರೆ ಹಾಕ್ಸಿ ಕೊಟ್ಟಾರಾ ನಿನ್ ಮಗಳಿಗೆ?" ಎಂದು ಆಡಿಕೊಳ್ಳುತ್ತಿದ್ದಳು.

ಈ ಕೆಲಸ ನಿನಗೆ ಸುಮ್ಮನೆ ಸಿಕ್ಕಿದ್ದಲ್ಲ ಮಗಳೇ. ಅಷ್ಟು ವರ್ಷ ಫಾರ್ಮಸಿ ಓದಿ ಹೋದ ಕಡೆಯೆಲ್ಲ, ಅನುಭವ ಇದೆಯಾ ಎಂದು ಕೇಳಿ ಕಳಿಸಿದರು. ಚನ್ನಗಿರಿಯ ಅಂಗಡಿಯಲ್ಲಿ ಇಡೀ ದಿನ ನಿಂತು, ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ಪಾಠ ಕೇಳಿ ಪರೀಕ್ಷೆ ಕಟ್ಟಿದೆ. ಹೈದರಾಬಾದಿನಲ್ಲಿ ಮೊದಮೊದಲು ನೀನು ಬರೆದದ್ದನ್ನೆಲ್ಲ ತಪ್ಪು ಎಂದು ವಾಪಸ್ ಕಳಿಸುತ್ತಾರೆ ಎಂದು ಅಳುತ್ತಿದ್ದೆ. ಈಗ ಬೇರೆಯವರು ಬರೆದದ್ದನ್ನು ನೋಡುವ ಜವಾಬ್ದಾರಿ ಕೊಡುತ್ತಾರೆ ಎನ್ನುವಾಗ ಎದ್ದು ಬರುತ್ತೇನೆ ಎನ್ನುತ್ತೀಯ. ಸುನೀತಾಳ ಸಂಗತಿ ಯಾವುದೋ ಮೇಜಿನ ಮೇಲೆ ಬೀಳುತ್ತದೆ. ಆ ಮೇಜಿನ ಮುಂದೆ ಯಾರೂ ಇಲ್ಲದಿದ್ದರೆ ಏನು ಮಾಡುವುದು?

ಸುನೀತಾ ನಿನಗೊಂದು ಮಾತು ಹೇಳಿಕಳಿಸಿದ್ದಾಳೆ. ತುಟಿ ಪೂರ್ತಿ ಬಿಡಿಸಲು ಬರುವುದಿಲ್ಲ, ಆದರೂ ಹೇಳಿದಳು. "ದೊಡ್ಡತ್ತೆ, ಕಾವ್ಯ ಹೇಳದಿದ್ರೂ ನಾನು ನುಂಗ್ತಿದ್ದೆ. ಫಿಟ್ಸ್ ಬಂದು ಒಲಿ ಮುಂದೆ ಬಿದ್ದೋಳು ನಾನು. ಹೆದರಬ್ಯಾಡ ಅಂತ ಆಕಿ ಒಬ್ಬಾಕೀನೇ ಫೋನ್ ಮಾಡಿದ್ದು. ನನ್ ಮ್ಯಾಲೆ ಸಿಟ್ಟಾ ಅಂತ ಕೇಳ್ರಿ, ಮಾತೇ ಆಡವಲ್ಲಳು" ಎಂದಳು. ಅವಳಿಗೆ ಒಂದು ಸಲ ಫೋನ್ ಮಾಡು. ಲಕ್ಷ್ಮಮ್ಮ ನನ್ನೊಡನೆ ಇನ್ನೂ ಮಾತು ಬಿಟ್ಟಿದ್ದಾಳೆ. ಅಮ್ಮನನ್ನು ಹಸಿದ ಹೊಟ್ಟೆಯಲ್ಲಿ ಹೊರಗೆ ಹಾಕಿದೆ ಎನ್ನುತ್ತಾಳಂತೆ. ಅನ್ನಲಿ. ನನಗೂ ಒಳಗೊಳಗೆ ಅದೇ ಅಳುಕು.

ಯುಗಾದಿಗೆ ರಜೆ ಸಿಕ್ಕರೆ ಬಾ. ಕೆಲಸ ಬಿಟ್ಟು ಬರಬೇಡ. ವೇಳೆಗೆ ಉಣ್ಣು, ಮಲಗುವಾಗ ಹಣೆಗೆ ವಿಭೂತಿ ಇಟ್ಟುಕೋ. ಆ ಸ್ವಾಮಿ ನಿನ್ನ ಬೆನ್ನ ಹಿಂದೆ ನಿಂತು ಕಾಯಲಿ, ನಿನ್ನ ಬಾಯಿಂದ ಬಂದ ಮಾತು ನಾಲ್ಕು ಜನರ ಜೀವ ಉಳಿಸಲಿ.

ಇಂತಿ ನಿನ್ನ ಅವ್ವ,
ಹಾಲಮ್ಮ

ತಾ.ಕ.: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಬರೆಯಲೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟಿದ್ದೆ. ಸಂಕ್ರಾಂತಿಯಿಂದ ನನಗೆ ಎಡಗೆನ್ನೆಯಲ್ಲಿ ಸಿಡಿಲು ಹೊಡೆದಂಥ ನೋವು. ಮುಖಕ್ಕೆ ನೀರು ತಾಗಿದರೆ, ಅನ್ನ ಅಗಿದರೆ, ಬಾಯಿ ತೆರೆದರೆ ಬರುತ್ತದೆ. ಹಲ್ಲು ಕೀಳಿಸಿದೆ, ಹೋಗಲಿಲ್ಲ. ಹೋದ ವಾರ ಹೊನ್ನಾಳಿ ಡಾಕ್ಟರು ನರದ ನೋವು ಎಂದು ಗುಳಿಗೆ ಬರೆದುಕೊಟ್ಟರು. ಮನೆಗೆ ಬಂದು ಹೆಸರನ್ನು ಅಕ್ಷರ ಕೂಡಿಸಿ ಓದಿದೆ. ಸುನೀತಾ ನುಂಗಿದ್ದೇ ಇದು. ಮತ್ತೆ ಹೋಗಿ ಕೇಳಿದ್ದಕ್ಕೆ, "ಎಲ್ರಿಗೂ ಹಂಗಾಗಲ್ಲ ಕಣಮ್ಮ, ನಿಮ್ ಮಗಳು ಇದೇ ಓದ್ಯಾಳಲ್ಲ, ಆಕೀನೂ ಒಂದ್ ಮಾತು ಕೇಳ್ರಿ" ಎಂದರು. ನಿಮ್ಮಪ್ಪನಿಗೆ ಹೇಳಿಲ್ಲ. ನೋವು ಬಂದಾಗ ಕೈ ಗುಳಿಗೆಯ ಕಡೆ ಹೋಗುತ್ತದೆ, ಸುನೀತಾಳ ತೋಳು ಕಣ್ಣ ಮುಂದೆ ಬಂದರೆ ಕೈ ಹಿಂದಕ್ಕೆ ಬರುತ್ತದೆ. ನುಂಗು ಎಂದರೆ ನುಂಗುತ್ತೇನೆ, ಬೇಡ ಎಂದರೆ ತಡೆದುಕೊಳ್ಳುತ್ತೇನೆ. ಬೇರೆ ಯಾರ ಮಾತಿನ ಮೇಲೂ ನನಗೆ ಧೈರ್ಯ ಬರುವುದಿಲ್ಲ. ಕಾಗದ ಮುಟ್ಟಿದ ಕೂಡಲೆ ಫೋನ್ ಮಾಡು. ಮಾತಾಡಿದರೆ ನೋಯುತ್ತದೆ, ಆದರೂ ಎತ್ತುತ್ತೇನೆ.