ನನ್ನ ಹೆಸರಲ್ಲಿ ಯಾರೋ

ಮಾರ್ಚ್ 3, ಸೋಮವಾರ

ಇವತ್ತೂ ಅದೇ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ, ಅದು ಮೈಮುರಿದು ಏಳುವಷ್ಟರಲ್ಲಿ ಮೇಜು ಒರೆಸಿ, ನೀರು ಕುಡಿದು ಬಂದೆ. ಊಟದೊಳಗೆ ಮೂವತ್ತೆಂಟು ಆರ್ಡರ್. ಕನ್ನಡಕದ ಅಂಗಡಿಯವರು ಕಳಿಸಿದ ಚೀಟಿಯ ಫೋಟೋ ಎಡಕ್ಕೆ, ನಾನು ತುಂಬುವ ಖಾನೆಗಳು ಬಲಕ್ಕೆ. ಪವರ್ ಎಷ್ಟು, ಲೆನ್ಸ್ ಎಷ್ಟು ಡಿಗ್ರಿ ಓರೆ. ನಾನು ಹೊಡೆದ ಅಂಕಿಯಂತೆ ಹಿಂದಿನ ಕೋಣೆಯಲ್ಲಿ ಲೆನ್ಸ್ ಅರೆಯುತ್ತಾರೆ. ಇಪ್ಪತ್ತಾರು ವರ್ಷ ಇದೇ ಕೆಲಸ ರಿಜಿಸ್ಟರಿನಲ್ಲಿ ಮಾಡಿದವಳು ನಾನು. ಈಗ ಎಂಟು ವಾರದಿಂದ ಈ ಸಾಫ್ಟ್‌ವೇರ್. ಬೂದಿ ಬಣ್ಣದ ಮೇಲೆ ಬೂದಿ ಅಕ್ಷರ. ಮಾಡಿದವನು ಬಣ್ಣ ಕಂಡಿಲ್ಲವೋ ಏನೋ.

ಸಂಜೆ ಮಾತ್ರ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಒಂದು ಆರ್ಡರಿನ ಕೆಳಗೆ ಇರುವೆ ಅಕ್ಷರದಲ್ಲಿ — ಕೊನೆಯ ಬದಲಾವಣೆ 1.22. ಬದಲಾಯಿಸಿದವರು: ನನ್ನ ಹೆಸರು.

1.22ಕ್ಕೆ ನಾನು ಟೆರೇಸಿನಲ್ಲಿ ತಂಗಿಯ ಜೊತೆ ಫೋನಿನಲ್ಲಿದ್ದೆ. ದಿನಾ ಇರುತ್ತೇನೆ. ಊಟ ಮುಗಿಸಿ ಒಂದೂ ಕಾಲಿಗೆ ಹೋದರೆ ಒಂದೂವರೆಗೆ ಇಳಿಯುವುದು.

ಯಾರು ಕೂತರು ನನ್ನ ಕುರ್ಚಿಯಲ್ಲಿ?


ಮಾರ್ಚ್ 5, ಬುಧವಾರ

ನಿನ್ನೆ ಎರಡು. ಇವತ್ತು ಒಂದು. ಎಲ್ಲ ಒಂದೂ ಕಾಲು, ಒಂದೂವರೆ ನಡುವೆ. ಎಲ್ಲ ನನ್ನ ಹೆಸರಲ್ಲಿ. ಏನು ಬದಲಾಯಿಸಿದರು ಅಂತ ಈ ಪುಣ್ಯಾತ್ಮ ಸಾಫ್ಟ್‌ವೇರ್ ನನಗೆ ತೋರಿಸುವುದಿಲ್ಲ. ಅದು ಮೇಲಿನವರಿಗೆ ಮಾತ್ರವಂತೆ. ಮನೆ ನನ್ನದು, ಬೀಗದ ಕೈ ಪಕ್ಕದ ಮನೆಯವರದು!

ತಪ್ಪು ನನ್ನದೂ ಇದೆ. ಊಟಕ್ಕೆ ಹೋಗುವಾಗ ಕಂಪ್ಯೂಟರ್ ಲಾಕ್ ಮಾಡುವುದಿಲ್ಲ. ಲಾಕ್ ಮಾಡಿದರೆ ಮತ್ತೆ ತೆರೆಯಲು ಪಾಸ್‌ವರ್ಡು, ಅದಕ್ಕೊಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚುಕ್ಕೆಯೋ ನಕ್ಷತ್ರವೋ...

ಅನುಮಾನ ಹೊಸಬಳ ಮೇಲೆ. ಎರಡು ತಿಂಗಳಾಯಿತು ಬಂದು. ಎದುರು ಮೇಜು. ಕೀಬೋರ್ಡ್ ನೋಡದೆ ಟೈಪ್ ಮಾಡುತ್ತಾಳೆ. ನನ್ನನ್ನು ‘ಮೇಡಂ ಮೇಡಂ’ ಅಂತ ಎಷ್ಟು ಮೆತ್ತಗೆ ಕರೆಯುತ್ತಾಳೆಂದರೆ, ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಅಮ್ಮ ಹೇಳುತ್ತಿದ್ದದ್ದು ಇಂಥವರಿಗೇ ಇರಬೇಕು. ನನ್ನ ಅಂಕಿ ಕೆಡಿಸಿ, ತಪ್ಪು ನನ್ನ ತಲೆಗೆ ಕಟ್ಟಿ, ಕುರ್ಚಿ ಹೊಡೆಯುವ ಲೆಕ್ಕಾಚಾರ. ರಿಟೈರಾಗಲು ನನಗಿನ್ನೂ ನಾಲ್ಕು ವರ್ಷ. ಅಷ್ಟು ದಿನ ಇವಳಿಗೆ ಕಾಯಲು ಆಗದೇನು?


ಮಾರ್ಚ್ 6, ಗುರುವಾರ. ಬೆಳಿಗ್ಗೆ ಏಳು

ಮನೆಯಲ್ಲೂ ನೆಮ್ಮದಿಯಿಲ್ಲ. ಇವರು ತಂದ ದೊಡ್ಡ ಟಿವಿ ಆನ್ ಮಾಡಿದ ಕೂಡಲೇ ‘ನಿಮಗಾಗಿ’ ಅಂತ ಒಂದು ಸಾಲು. ನಿನ್ನೆ ಅಡುಗೆಮನೆಯಲ್ಲಿ ಮಂಡಿನೋವು ಅಂದಿದ್ದೆ, ಅಷ್ಟೆ. ಇವತ್ತು ‘ನಿಮಗಾಗಿ’ಯಲ್ಲಿ ಮೊದಲನೆಯದೇ ಮಂಡಿಗೆ ವ್ಯಾಯಾಮ! ಗೋಡೆಗೂ ಕಿವಿ ಇದೆ ಅಂತಿದ್ದರು ಹಿಂದೆ. ಈಗ ಆ ಕಿವಿಯನ್ನು ನಾವೇ ದುಡ್ಡು ಕೊಟ್ಟು ತಂದು ಗೋಡೆಗೆ ಹೊಡೆಸಿಕೊಂಡಿದ್ದೇವೆ.

ಇವರು ಬಿದ್ದು ಬಿದ್ದು ನಕ್ಕರು. “ಮಂಡಿನೋವು ಅಂತ ಹುಡುಕಿದ್ದು ನಾನು ಕಣೇ. ನಿನಗೇ ಅಂತ.”

ಇರಬಹುದು. ಆದರೂ ರಿಮೋಟ್ ಮೇಲೆ ಬಟ್ಟೆ ಹಾಕಿದೆ. ಒಪ್ಪಿಗೆ ಕೇಳುವ ಪುಟದ ಅಕ್ಷರವಂತೂ ಓದಲೇ ಆಗುವುದಿಲ್ಲ. ಬೇಕಂತಲೇ ಸಣ್ಣದು ಮಾಡಿರುತ್ತಾರೆ, ಓದದೆ ಒತ್ತಲಿ ಅಂತ.

“ನೀನು ಹತ್ತಿರ ಬಂದು ನೋಡು” ಅಂದರು ಇವರು. ಗೋಡೆಗೆ ಮೂಗು ತಾಗಿಸಿ ಟಿವಿ ನೋಡಬೇಕೇ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಹಂಗಿಸಿದರು.

ಈ ಡೈರಿ ವಾಸಿ. ಚಾರ್ಜ್ ಬೇಡ, ಅಪ್‌ಡೇಟ್ ಬೇಡ, ಯಾರಿಗೂ ಚಾಡಿ ಹೇಳುವುದಿಲ್ಲ.


ಮಾರ್ಚ್ 7, ಶುಕ್ರವಾರ

ಗುಬ್ಬಿಗೆ ಹೇಳಿಬಿಟ್ಟೆ. ತಯಾರಾದ ಲೆನ್ಸನ್ನು ನಾನು ಹೊಡೆದ ಅಂಕಿಗೆ ಹೋಲಿಸಿ ಚೆಕ್ ಮಾಡುವವಳು ಅವಳು. ನಾನು ಸೇರಿದ ವರ್ಷವೇ ಸೇರಿದ್ದು. ಗುಬ್ಬಿಯಷ್ಟು ತಿನ್ನುತ್ತಾಳೆ ಅಂತ ನಾನಿಟ್ಟ ಹೆಸರು, ಈಗ ನಮ್ಮ ಲ್ಯಾಬಿನ ಯಜಮಾನರೂ ಹಾಗೇ ಕರೆಯುತ್ತಾರೆ. ಇಪ್ಪತ್ತಾರು ವರ್ಷ ಒಂದೇ ಬೆಂಚಿನ ಮೇಲೆ ಊಟ. ಅವಳದು ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಡಬ್ಬಿ ತೊಳೆಯಲು ಎದ್ದು ಹೋಗುತ್ತಾಳೆ. ನನ್ನದು ನಿಧಾನ.

ಕೇಳಿ ಮುಖ ಸಣ್ಣದು ಮಾಡಿದಳು. “ಬಿಟ್ಬಿಡೇ. ಯಾರೋ ಏನೋ. ಲೆನ್ಸ್ ವಾಪಸ್ ಬಂದಿಲ್ವಲ್ಲ, ನಿಂಗೇನು ನಷ್ಟ?”

“ನನ್ನ ಹೆಸರು ಕಣೇ ಅದು!”

ಡಬ್ಬಿ ಮುಚ್ಚಿ, ಆಮೇಲೆ ಅಂದಳು: “ಒಂದ್ಸಲ ಕಣ್ಣು ತೋರಿಸ್ಕೊಂಡು ಬಾರೇ. ಈ ಕನ್ನಡಕ ಹಾಕಿ ಆರು ವರ್ಷ ಆಯ್ತು.”

ನಾನು ಹೇಳಿದ್ದೇನು, ಇವಳು ಹೇಳುವುದೇನು! ಕಣ್ಣು ತೋರಿಸಿದರೆ ಡಾಕ್ಟರು ಏನಾದರೂ ಬರೆಯುತ್ತಾರೆ. ಬರೆದದ್ದು ಯಜಮಾನರಿಗೆ ಗೊತ್ತಾಗುತ್ತದೆ. ಅಂಕಿ ಓದುವ ಕುರ್ಚಿಯಲ್ಲಿ ಕಣ್ಣು ಕಾಣದವಳನ್ನು ಯಾರು ಕೂರಿಸುತ್ತಾರೆ? ಅಷ್ಟು ಗೊತ್ತಿಲ್ಲವೇ ಇವಳಿಗೆ?

ಗೊತ್ತಿದ್ದೇ ಹೇಳಿದಳಾ...


ಮಾರ್ಚ್ 10, ಸೋಮವಾರ

ಇವತ್ತಿಂದ ಲಾಕ್. ಪಾಸ್‌ವರ್ಡೂ ಹೊಸದು. ಊಟಕ್ಕೆ ಏಳುವಾಗ ಎಲ್ಲರೂ ನೋಡುವ ಹಾಗೆ ಲಾಕ್ ಮಾಡಿದೆ. ಹೊಸಬಳು ತಲೆಯೆತ್ತಿ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಗುಬ್ಬಿಗೆ ಊಟ ಸೇರಲಿಲ್ಲ. ತಲೆನೋವಂತೆ.


ಮಾರ್ಚ್ 14, ಶುಕ್ರವಾರ. 1.20, ಟೆರೇಸಿನಲ್ಲಿ

ಐದು ದಿನದಿಂದ ಒಂದೇ ಒಂದು ಬದಲಾವಣೆಯಿಲ್ಲ. ಗೆದ್ದೆ.

ಸಂಜೆ: ಗೆದ್ದದ್ದು ಎಲ್ಲಿ? ಲೆನ್ಸ್ ವಾಪಸ್ ಬಂತು. ಒಂದಲ್ಲ, ಮೂರು. ಮೂರೂ ಈ ವಾರ ನಾನು ಹೊಡೆದದ್ದು. ಒಬ್ಬ ಡ್ರೈವರಿಗೆ ಹಾಕಿಕೊಂಡ ಕೂಡಲೇ ತಲೆ ತಿರುಗಿ ರಸ್ತೆ ಪಕ್ಕ ಗಾಡಿ ನಿಲ್ಲಿಸಬೇಕಾಯಿತಂತೆ. ಚೀಟಿಯಲ್ಲಿ 80 ಡಿಗ್ರಿ, ಲೆನ್ಸಿನಲ್ಲಿ 30. ಯಜಮಾನರು ಮೂರು ಕವರನ್ನೂ ನನ್ನ ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಲಾಕ್ ಹಾಕಿದರೂ ಒಳಗೆ ಹೊಕ್ಕಿದ್ದಾರೆ. ಈ ಸಲ ಗುರುತು ಕೂಡ ಬಿಟ್ಟಿಲ್ಲ. ಸಾಫ್ಟ್‌ವೇರಿನವನು ದೂರದಿಂದಲೇ ನಮ್ಮ ಪರದೆಯೊಳಗೆ ಬಂದು ಬಾಣ ಓಡಿಸುವುದನ್ನು ನಾನೇ ನೋಡಿದ್ದೇನೆ. ಹೊಸಬಳೂ ಅವನೂ ಫೋನಿನಲ್ಲಿ ನಗುನಗುತ್ತಾ ಮಾತಾಡುತ್ತಾರೆ.

ಗುಬ್ಬಿ ಮತ್ತೆ ಅಂದಳು, “ನಾಳೆ ನಾನೂ ಬರ್ತೀನಿ, ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ.” ಇವಳಿಗೇಕೆ ಇಷ್ಟು ಅವಸರ? ಡಬ್ಬಿ ತೊಳೆಯಲು ಇಪ್ಪತ್ತು ನಿಮಿಷ ಬೇಕಾ ಯಾರಿಗಾದರೂ?


ಮಾರ್ಚ್ 18, ಮಂಗಳವಾರ

ಇನ್ನೆರಡು ವಾಪಸ್. ಸಾಕು. ಕೂತು ಬರೆದೇಬಿಟ್ಟೆ. ಯಜಮಾನರಿಗೆ ಒಂದೂವರೆ ಪುಟ. ನನ್ನ ಹೆಸರಲ್ಲಿ ಯಾರೋ ಅಂಕಿ ಬದಲಾಯಿಸುತ್ತಿದ್ದಾರೆ. ಜನವರಿಯಿಂದ ಈಚೆಗಿನ ಪೂರ್ತಿ ದಾಖಲೆ ತೆಗೆಸಿ, ಎಲ್ಲರೆದುರು ಓದಿಸಬೇಕು. ಅನುಮಾನವಿರುವವರು: ಒಂದು, ಹೊಸಬಳು. ಎರಡು, ಸಾಫ್ಟ್‌ವೇರಿನವನು. ಮೂರು, ಚೆಕಿಂಗ್‌ನವಳು.

ಎಲ್ಲರನ್ನೂ ಸೇರಿಸಿದರೆ ಪಕ್ಷಪಾತ ಅನ್ನುವುದಿಲ್ಲ ಅಂತ ಮೂರನೆಯದು.

ಕೊಟ್ಟು ಬಂದೆ.


ಮಾರ್ಚ್ 20, ಗುರುವಾರ

ಬರೆಯಲೇಬೇಕು. ಬರೆಯದಿದ್ದರೆ ನಾಳೆ ನನಗೆ ಅನುಕೂಲವಾದಂತೆ ನೆನಪಿಟ್ಟುಕೊಳ್ಳುತ್ತೇನೆ.

ಹನ್ನೊಂದು ಗಂಟೆಗೆ ಯಜಮಾನರ ಕೋಣೆ. ನಾನು, ಹೊಸಬಳು, ಗುಬ್ಬಿ. ಸಾಫ್ಟ್‌ವೇರಿನವನು ಲ್ಯಾಪ್‌ಟಾಪ್ ತಿರುಗಿಸಿ ಕೂತಿದ್ದ. ಯಜಮಾನರು ಮೊದಲು ನನ್ನ ಕಾಗದವನ್ನು ಗಟ್ಟಿಯಾಗಿ ಓದಿದರು. ಎಲ್ಲರೆದುರು ಓದಿಸಿ ಅಂತ ಕೇಳಿದ್ದೇ ನಾನಲ್ಲವೇ. ಒಂದು ಅಂದಾಗ ಹೊಸಬಳ ಕಣ್ಣು ತುಂಬಿತು. ಮೂರು ಅಂದಾಗ ಗುಬ್ಬಿ ನನ್ನ ಕಡೆ ತಿರುಗಿದಳು. ಸಿಟ್ಟಿಲ್ಲ. ಪರಿಚಯವಿಲ್ಲದವರನ್ನು ನೋಡಿದ ಹಾಗೆ.

ಆಮೇಲೆ ದಾಖಲೆ. ಒಂಬತ್ತು ವಾರದಲ್ಲಿ ನಲವತ್ತೊಂದು ಬದಲಾವಣೆ. ಅವನು ಚೀಟಿ ಪಕ್ಕದಲ್ಲಿಟ್ಟು ಒಂದೊಂದೇ ಓದಿದ. ಚೀಟಿಯಲ್ಲಿ 180, ಮೊದಲು ಹೊಡೆದದ್ದು 130, ಆಮೇಲೆ 180. ಚೀಟಿಯಲ್ಲಿ 165, ಮೊದಲು 155, ಆಮೇಲೆ 165. ನಲವತ್ತೊಂದರಲ್ಲೂ ಮೊದಲು ಹೊಡೆದದ್ದು ತಪ್ಪು. ಬದಲಾಯಿಸಿದ್ದು ಸರಿ. ಈಚೆಗೆ ವಾಪಸ್ ಬಂದ ಐದಕ್ಕೂ ಬದಲಾವಣೆಯೇ ಇಲ್ಲ. ಅದು ಪೂರಾ ನನ್ನದೇ.

“ನಾನೇ ಸರ್ ಮಾಡಿದ್ದು” ಅಂದಳು ಗುಬ್ಬಿ. “ಜನವರೀಲಿ ಒಂದು ಲೆನ್ಸ್ ಅನುಮಾನ ಬಂತು. ಚೀಟಿ ತೆಗೆದು ನೋಡಿದೆ. ಆವತ್ತಿಂದ ದಿನಾ ಊಟದ ಹೊತ್ತಲ್ಲಿ ನೋಡಿ ಸರಿ ಮಾಡ್ತಿದ್ದೆ. ಇವಳು ಲಾಕ್ ಹಾಕಿದ್ಮೇಲೆ ಆಗ್ಲಿಲ್ಲ. ಹೇಳಿದ್ರೆ ಇವಳಿಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ.”

ಬಾಗಿಲಿಗೇ ಅಂಟಿಸಿದ್ದಾರೆ ನಿಯಮ: ಇನ್ನೊಬ್ಬರ ಲಾಗಿನ್ ಮುಟ್ಟಿದರೆ ಕೆಲಸದಿಂದ ತೆಗೆಯಲಾಗುವುದು. ಯಜಮಾನರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ನಾನು ಯೋಚಿಸಿ ಹೇಳ್ತೀನಿ. ಅಲ್ಲಿವರೆಗೆ ನೀವು ಬರ್ಬೇಡಿ ಗುಬ್ಬಿ.” ನನ್ನ ಕಡೆ: “ನೀವು ಮೊದ್ಲು ಕಣ್ಣು ತೋರಿಸ್ಕೊಂಡು ಬನ್ನಿ.”

ಅವಳು ಡಬ್ಬಿ ತೆಗೆದುಕೊಂಡು ಹೊರಟಳು. ಇನ್ನೂ ಊಟದ ಹೊತ್ತಾಗಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡಲಿಲ್ಲ ನಾನು.


ಮಾರ್ಚ್ 27, ಗುರುವಾರ

ಬಲಗಣ್ಣಿಗೆ ಪೊರೆ, ಪೂರ್ತಿ. ಎಡಗಣ್ಣಿಗೆ ಶುರು. ಆಪರೇಷನ್ ಮುಂದಿನ ತಿಂಗಳು. ಡಾಕ್ಟರು ಕೇಳಿದರು, “ಏನು ಕೆಲಸ ನಿಮ್ದು?” ಹೇಳಿದೆ. ಅವರು ಬರೆದುಕೊಂಡರು. ನಕ್ಕಿದ್ದರೂ ತಪ್ಪು ಹಿಡಿಯುತ್ತಿರಲಿಲ್ಲ.

ಗುಬ್ಬಿ ಫೋನ್ ತೆಗೆಯುತ್ತಿಲ್ಲ. ಏಳು ದಿನ. ಗಂಡನಿಲ್ಲದ ಮನೆ ಅವಳದು, ಹಾಸಿಗೆ ಹಿಡಿದ ಅತ್ತೆ. ಈ ಸಂಬಳವೇ ಎಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಇವರು ಹಂಗಿಸಲಿಲ್ಲ. ಟಿವಿ ಆಫ್ ಮಾಡಿ ಪಕ್ಕದಲ್ಲಿ ಬಂದು ಕೂತರು. “ಈಗ್ಲೂ ಏನಾದ್ರೂ ಮಾಡ್ಬಹುದು ಕಣೇ.” ಮಾಡಬಹುದು. ಮಾಡಿದರೆ ಕುರ್ಚಿ ಹೋಗುತ್ತದೆ. ಹೋಗಲಿ. ಆ ಕುರ್ಚಿಯಲ್ಲಿ ಒಂಬತ್ತು ವಾರ ಕೆಲಸ ಮಾಡಿದ್ದು ಅವಳೇ.


ಮಾರ್ಚ್ 28, ಶುಕ್ರವಾರ

ಇನ್ನೊಂದು ಕಾಗದ ಕೊಟ್ಟೆ. ನಾಲ್ಕೇ ಸಾಲು. ಕಣ್ಣು ಮಂದವಾದದ್ದು ಗೊತ್ತಿದ್ದೂ ಮುಚ್ಚಿಟ್ಟೆ. ಅಂಕಿ ನೋಡಿಕೊಡು ಅಂತ ನಾನೇ ಗುಬ್ಬಿಯನ್ನು ನನ್ನ ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ಆಮೇಲೆ ಹೆದರಿ ದೂರು ಕೊಟ್ಟೆ. ತಪ್ಪೆಲ್ಲ ನನ್ನದು.

ಯಜಮಾನರು ಎರಡು ಸಲ ಓದಿದರು. “ಇದು ಸುಳ್ಳು ಅಂತ ನಂಗೂ ಗೊತ್ತು, ನಿಮ್ಗೂ ಗೊತ್ತು.”

“ಗೊತ್ತು ಸರ್. ಫೈಲಿಗೆ ಹಾಕ್ಕೊಳ್ಳಿ.”

ಹಾಕಿಕೊಂಡರು. ಗುಬ್ಬಿ ಬುಧವಾರದಿಂದ ಬರಬಹುದು. ನನ್ನ ಕುರ್ಚಿ ಹೊಸಬಳಿಗೆ. ನಾನು ಪ್ಯಾಕಿಂಗಿಗೆ, ಸಂಬಳ ಕಡಿಮೆ. ಹೊಸಬಳ ಹತ್ತಿರ ಹೋಗಿ ತಪ್ಪಾಯಿತಮ್ಮ ಅಂದೆ. ಮೇಜಿನ ಮೇಲಿನ ನನ್ನ ಸಾಮಾನು ಕಟ್ಟಿಕೊಡಲು ಬಂದಳು, ಬೇಡ ಅನ್ನಲು ಮುಖವಿರಲಿಲ್ಲ.


ಏಪ್ರಿಲ್ 2, ಬುಧವಾರ

ಗುಬ್ಬಿ ಬಂದಳು. ಊಟದ ಹೊತ್ತಿಗೆ ಬೆಂಚಿಗೆ ಬರುವುದಿಲ್ಲ ಅಂದುಕೊಂಡಿದ್ದೆ. ಬಂದು ಕೂತಳು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಡಬ್ಬಿ ತೆರೆಯಲಿಲ್ಲ.

“ಯಾಕೆ ಸುಳ್ಳು ಬರೆದುಕೊಟ್ಟೆ?”

“ಇನ್ನೇನು ಮಾಡ್ಲೇ? ನಿನ್ನ ಹೊಟ್ಟೆ ಮೇಲೆ ಹೊಡೆದು ಹೆಂಗಿರ್ಲಿ?”

“ಕೆಲ್ಸದ್ದಲ್ಲ ಬಿಡು. ಅದು ನಿಯಮ, ನಂಗೂ ಗೊತ್ತಿತ್ತು.” ಡಬ್ಬಿಯನ್ನು ಮಡಿಲಿನಿಂದ ಬೆಂಚಿಗಿಟ್ಟಳು. “ಒಂದು ಕೇಳ್ತೀನಿ. ಮೂರನೇ ಹೆಸರು ಬರೆಯೋವಾಗ ಎಷ್ಟು ಹೊತ್ತು ಯೋಚ್ನೆ ಮಾಡ್ದೆ?”

ನಾನು ತಲೆಯೆತ್ತಲಿಲ್ಲ. “ತುಂಬಾ ಹೊತ್ತು ಕಣೇ. ಕೈಯೇ ಓಡ್ಲಿಲ್ಲ. ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದೆ.”

ತಲೆಯಾಡಿಸಿದಳು. ಮುಖ ಸ್ವಲ್ಪ ಸಡಿಲವಾಯಿತು. “ಹಾಗೇ ಅಂದ್ಕೊಂಡಿದ್ದೆ” ಅಂದಳು. ಡಬ್ಬಿ ತೆರೆದು, ಯಾವತ್ತಿನಂತೆ ಮುಚ್ಚಳದಲ್ಲಿ ಸ್ವಲ್ಪ ನನ್ನ ಕಡೆ ಸರಿಸಿದಳು. ನಾನು ತಿಂದೆ.

ನಂಬಿಬಿಟ್ಟಳು. ನಾನು ಊರನ್ನೆಲ್ಲ ಅನುಮಾನಿಸಿದೆ, ಟಿವಿಯನ್ನೂ ಬಿಡಲಿಲ್ಲ. ಇವಳಿಗೆ ಒಂದೇ ಒಂದು ಸಲ ನನ್ನ ಮೇಲೆ ಅನುಮಾನ ಬರಬೇಕಾದ ಕಡೆ ಬರಲಿಲ್ಲ.

ಎಷ್ಟು ಹೊತ್ತು? ಒಂದು ಕ್ಷಣ ಕೂಡ ಇಲ್ಲ. ಎರಡನೆಯ ಹೆಸರಿನಿಂದ ಪೆನ್ನು ಎತ್ತದೆ ಮೂರನೆಯದು ಬರೆದಿದ್ದೆ.

ಹೇಳಿಬಿಡಬೇಕು. ನಾಳೆ ಒಂದು ಗಂಟೆಗೆ, ಅವಳು ಡಬ್ಬಿ ತೆರೆಯುವ ಮೊದಲೇ. ಯೋಚನೇನೇ ಮಾಡಲಿಲ್ಲ ಕಣೇ ಅಂತ. ಅಷ್ಟು ಹೇಳಿದ ಮೇಲೆ ಅವಳು ಮುಚ್ಚಳ ನನ್ನ ಕಡೆ ಸರಿಸುತ್ತಾಳೋ ಇಲ್ಲವೋ.